ಸೀಲಕ್ಕ ಕೇಳಿದ ನಕಲು

ಸರಕು ಡಿಪೋದ ಎರಡನೇ ಗೇಟಿನಲ್ಲಿ ಇಪ್ಪತ್ತಾರು ವರ್ಷದಿಂದ ಕೆಲಸ ಮಾಡುತ್ತಿದ್ದ ಸೀಲಕ್ಕ, ಅಷ್ಟೂ ವರ್ಷಗಳಲ್ಲಿ ಒಂದೇ ಒಂದು ಪೆಟ್ಟಿಗೆಯ ಒಳಗೆ ಏನಿದೆ ಎಂದು ಕಣ್ಣಾರೆ ಕಂಡವಳಲ್ಲ. ಅದು ಅವಳ ಕೆಲಸವೇ ಅಲ್ಲ. ಲಾರಿ ಬಂದು ನಿಂತರೆ ಹಿಂಬಾಗಿಲ ಚಿಲಕಕ್ಕೆ ಪೋಣಿಸಿದ ತಂತಿ, ತಂತಿಯ ಎರಡೂ ತುದಿ ಕಚ್ಚಿ ಹಿಡಿದ ಸೀಸದ ಬಿಲ್ಲೆ, ಬಿಲ್ಲೆಯ ಮೇಲೆ ಒತ್ತಿದ ಏಳಂಕಿಯ ನಂಬರು, ಇಷ್ಟೇ ಅವಳ ಲೋಕ. ಹೆಬ್ಬೆರಳಿನ ಉಗುರನ್ನು ಬಿಲ್ಲೆಯ ಅಂಚಿನ ಸುತ್ತ ಒಮ್ಮೆ ಆಡಿಸುವಳು, ತಂತಿಯನ್ನು ಮೂರು ಸಲ ಎಳೆಯುವಳು, ನಂಬರನ್ನು ಕಾಗದದ ಜೊತೆ ಹೋಲಿಸಿ, ಹಿಂದಿನಿಂದ ಮುಂದಕ್ಕೂ ಒಮ್ಮೆ ಓದುವಳು. ದಾರಿಯಲ್ಲಿ ಯಾರಾದರೂ ಬಿಲ್ಲೆ ಬಿಚ್ಚಿ ಮತ್ತೆ ಒತ್ತಿದ್ದರೆ ಆ ಉಗುರಿಗೆ ತಿಳಿದುಬಿಡುತ್ತಿತ್ತು. ಒಮ್ಮೆ ಒಂದು ಅಂಕಿ ಸವೆದಿದೆ ಎಂಬ ಕಾರಣಕ್ಕೆ ಹಣ್ಣಿನ ಲಾರಿಯೊಂದನ್ನು ಬಿಸಿಲಿನಲ್ಲಿ ಐದು ತಾಸು ನಿಲ್ಲಿಸಿದ್ದಳು. ಕೊನೆಗೆ ಸೀಲು ಸರಿಯಾಗಿಯೇ ಇತ್ತು, ಹಣ್ಣು ಮಾತ್ರ ಕೊಳೆತಿತ್ತು. ಅವಳು ತಪ್ಪು ಒಪ್ಪಿಕೊಳ್ಳಲಿಲ್ಲ. ಅನುಮಾನ ಬಂದ ಮೇಲೂ ಬಿಟ್ಟುಬಿಡುವುದಾದರೆ ತಾನು ಇಲ್ಲಿ ಯಾಕೆ ಕೂತಿರಬೇಕು ಎಂದು ಕೇಳಿದಳು.

ಸೀಲಕ್ಕ ಎಂಬ ಹೆಸರು ಇಟ್ಟದ್ದು ಲಾರಿಯವರು. ಅವಳಿಗೆ ಅದು ಇಷ್ಟವೇ. ಕೆಟ್ಟದ್ದು ಏನೆಂದರೆ ಆ ಉಗುರು ಡಿಪೋದಲ್ಲೇ ಉಳಿಯದೆ ದಿನಾ ಸಂಜೆ ಅವಳ ಜೊತೆ ಮನೆಗೂ ಬರುತ್ತಿತ್ತು. ಹಾಲಿನ ಪ್ಯಾಕೆಟ್ಟಿನ ಅಂಚು, ಔಷಧಿ ಬಾಟಲಿಯ ಮುಚ್ಚಳ, ಪಕ್ಕದ ಮನೆಯವರು ಕೊಟ್ಟ ಡಬ್ಬಿ, ಯಾವುದನ್ನೂ ಒಂದು ಸುತ್ತು ಹಾಕಿ ನೋಡದೆ ಒಳಗೆ ತೆಗೆದುಕೊಂಡವಳಲ್ಲ. ದೂರದ ಆಸ್ಪತ್ರೆಯಲ್ಲಿ ನರ್ಸ್ ಆಗಿರುವ ಮಗಳು ಆಗಾಗ ಚುಡಾಯಿಸುತ್ತಾಳೆ: ತಾನು ಹುಟ್ಟಿದಾಗ ಕೈಗೆ ಕಟ್ಟಿದ ನಂಬರಿನ ಪಟ್ಟಿಯನ್ನು ಅಮ್ಮ ಎರಡು ಸಲ ಓದಿ, ಎಳೆದು ನೋಡಿ, ಆಮೇಲೆ ಮುದ್ದು ಮಾಡಿದಳಂತೆ. ಸೀಲಕ್ಕ ಇದನ್ನು ಅಲ್ಲಗಳೆಯುವುದಿಲ್ಲ. ಎರಡಲ್ಲ, ಮೂರು ಸಲ ಎಂದು ತಿದ್ದುತ್ತಾಳೆ.

ಅವಳ ಗಂಡ ಇದಕ್ಕೆ ತದ್ವಿರುದ್ಧ. ದೊಡ್ಡ ರಸ್ತೆಯ ಕನ್ನಡಕದ ಅಂಗಡಿಯಲ್ಲಿ ಗಾಜು ಉಜ್ಜುವ ಕೆಲಸ. ಬೀದಿಗೆಲ್ಲ ಇವಳು ಅಕ್ಕನಾದ್ದರಿಂದ ಅವನು ತಾನಾಗಿಯೇ ಭಾವನಾದ, ಕನ್ನಡಕದ ಭಾವ. ಯಾರೇ ಬಂದು ನಾಳೆ ಕೊಡುತ್ತೇನೆ ಎಂದರೆ ಆಗಲಿ ಎನ್ನುವ ಜನ. ಮಾತು ಕಡಿಮೆ, ಕೈ ಮೆತ್ತಗೆ. ಮನೆಯಲ್ಲಿ ಅಡುಗೆ ಅವಳದು, ಬಟ್ಟೆ ಒಗೆದು ಇಸ್ತ್ರಿ ಹಾಕುವುದು ಅವನದು. ಭಾನುವಾರ ಬೆಳಿಗ್ಗೆ ಬಚ್ಚಲಲ್ಲಿ ಕೂತು ಒಂದೊಂದೇ ಜೇಬು ತಡಕಿ, ಹೊರಗೆಳೆದು, ನೊರೆಯಲ್ಲಿ ಅದ್ದುತ್ತಿದ್ದ. ಇಂಥ ಮನುಷ್ಯ ನಿನಗೆ ಸಿಕ್ಕಿದ್ದು ನಿನ್ನ ಪುಣ್ಯ ಎಂದು ನಾಲ್ಕು ಜನ ಹೇಳುವಾಗಲೆಲ್ಲ ಸೀಲಕ್ಕನಿಗೆ ಒಳಗೊಳಗೇ ಒಂದು ಕಸಿವಿಸಿ. ಇಷ್ಟು ಸದ್ದಿಲ್ಲದೆ ಮುಚ್ಚಿಕೊಂಡಿರುವ ಬಾಗಿಲಿನ ಹಿಂದೆ ಏನಿರಬಹುದು?

ಹತ್ತೊಂಬತ್ತು ವರ್ಷದ ಹಿಂದೆ ಒಂದು ಶನಿವಾರ, ಮಗಳಿಗೆ ಐದು ತುಂಬಿದ ವರ್ಷ, ಡಬ್ಬಿಯಲ್ಲಿಟ್ಟಿದ್ದ ಬಾಡಿಗೆ ದುಡ್ಡು ಕಾಣೆಯಾಯಿತು. ಅವತ್ತು ನಾದಿನಿ ಮತ್ತು ಅವಳ ಗಂಡ ಊಟಕ್ಕೆ ಬಂದಿದ್ದರು. ಸೀಲಕ್ಕ ಹಿಂದೆ ಮುಂದೆ ನೋಡಲಿಲ್ಲ. ಗಂಡನ ಕೈಚೀಲವನ್ನು ತಂದು, ಅವರೆಲ್ಲ ತಟ್ಟೆಯ ಮುಂದೆ ಕೂತಿರುವಾಗಲೇ ಮೇಜಿನ ಮೇಲೆ ತಲೆಕೆಳಗು ಮಾಡಿದಳು. ಒಂದು ಕರವಸ್ತ್ರ, ಎರಡು ಸ್ಕ್ರೂ ಡ್ರೈವರು, ಮುರಿದ ಕನ್ನಡಕ, ಮಗಳಿಗೆಂದು ತಂದ ಪೆನ್ಸಿಲು ಬಿದ್ದವು. ಭಾವ ಒಂದೊಂದನ್ನೂ ಮತ್ತೆ ಚೀಲದೊಳಗೆ ಹಾಕಿಕೊಂಡು ಊಟ ಮುಂದುವರಿಸಿದ. ನಾದಿನಿ ಮಾತ್ರ ಆಮೇಲೆ ಎರಡು ವರ್ಷ ಆ ಮನೆಯ ಹೊಸ್ತಿಲು ತುಳಿಯಲಿಲ್ಲ.

ಸೋಮವಾರ ಬೆಳಿಗ್ಗೆ ಡಿಪೋದಲ್ಲಿ, ಒಗೆದು ಇಸ್ತ್ರಿ ಹಾಕಿದ ಖಾಕಿ ಕೋಟಿನ ಒಳಜೇಬಿಗೆ ಕೈ ಹಾಕಿದಾಗ ನೋಟುಗಳು ಸಿಕ್ಕಿದವು. ನಾಲ್ಕಾಗಿ ಮಡಿಸಿದ ಗರಿಗರಿ ನೋಟು. ಡಬ್ಬಿಯನ್ನು ನಂಬುವಂತಿಲ್ಲ ಎಂದು ಶುಕ್ರವಾರ ತಾನೇ ತೆಗೆದಿಟ್ಟುಕೊಂಡು ಮರೆತಿದ್ದಳು. ಅವಳ ಮುಖ ಸಣ್ಣದಾಯಿತು, ಇವತ್ತೇ ಹೇಳಿಬಿಡಬೇಕು ಎಂದುಕೊಂಡಳು. ಸಂಜೆ ಮನೆಗೆ ಬರುವಷ್ಟರಲ್ಲಿ ಆ ಧೈರ್ಯ ಇಳಿದಿತ್ತು. ದುಡ್ಡು ಡಬ್ಬಿಯ ಹಿಂದೆ ಬಿದ್ದಿತ್ತು ನೋಡಿ ಎಂದು ತೋರಿಸಿದಳು. ಭಾವ ಒಂದು ಕ್ಷಣ ಅವಳನ್ನೇ ನೋಡಿ, ಸಿಕ್ಕಿತಲ್ಲ, ಬಿಡು ಎಂದ.

ಆ ವಾರವೇ ಇಬ್ಬರ ಹೆಸರಿನಲ್ಲಿ ಬ್ಯಾಂಕಿನಲ್ಲಿ ಒಂದು ಖಾತೆ ತೆರೆದರು. ಇಬ್ಬರ ಸಂಬಳವೂ ಅದಕ್ಕೇ. ಪಾಸ್‌ಬುಕ್ಕನ್ನು ಸೀಲಕ್ಕ ಗಂಡನ ಕೈಗೆ ಕೊಟ್ಟು, ಬ್ಯಾಂಕು ನಿಮ್ಮ ಅಂಗಡಿಯ ಎದುರಿಗೇ ಇದೆಯಲ್ಲ, ಇನ್ನು ಮೇಲೆ ನೀವೇ ನೋಡಿಕೊಳ್ಳಿ ಎಂದಳು. ಕ್ಷಮೆ ಕೇಳಲು ಬಾರದವಳು ಹಾಗೆ ಕೇಳಿದಳು ಎಂದು ಬೇಕಾದರೆ ತಿಳಿಯಿರಿ. ಅಂದಿನಿಂದ ಖಾತೆಯಲ್ಲಿ ಎಷ್ಟಿದೆ ಎಂದು ಒಮ್ಮೆಯೂ ಕೇಳಲಿಲ್ಲ. ಲೋಕದಲ್ಲಿ ತಾನು ಉಗುರು ತಾಗಿಸದ ಜಾಗ ಅದೊಂದೇ ಎಂದು ಅವಳಿಗೆ ಒಳಗೊಳಗೇ ಹೆಮ್ಮೆ ಬೇರೆ ಇತ್ತು.

ಹತ್ತೊಂಬತ್ತು ವರ್ಷ ಕಳೆದ ಮೇಲೆ ಕನ್ನಡಕದಂಗಡಿಯ ಮುದುಕ ಮಾಲೀಕರು ಇನ್ನು ನನ್ನ ಕೈಲಾಗದು, ಅಂಗಡಿಯನ್ನು ನೀನೇ ತೆಗೆದುಕೋ ಎಂದು ಭಾವನಿಗೆ ಹೇಳಿದರು. ಬೆಲೆ ನ್ಯಾಯವಾಗಿಯೇ ಇತ್ತು. ಆದರೆ ಇಬ್ಬರೂ ಕೂಡಿಟ್ಟದ್ದು ಹೆಚ್ಚುಕಡಿಮೆ ಪೂರ್ತಿ ಅದಕ್ಕೇ ಹೋಗುತ್ತಿತ್ತು. ಗಾಜು ಉಜ್ಜುವ ಪರವಾನಗಿ ಭಾವನ ಹೆಸರಿನಲ್ಲಿದ್ದ ಕಾರಣ ಅಂಗಡಿಯೂ ಅವನ ಹೆಸರಿಗೇ ಆಗಬೇಕು. ಅಷ್ಟು ದೊಡ್ಡ ಮೊತ್ತ ತೆಗೆಯಲು ಬ್ಯಾಂಕಿನಲ್ಲಿ ಇಬ್ಬರೂ ಸಹಿ ಹಾಕಬೇಕು. ಬರುವ ವಾರ ಬಿಟ್ಟು ಅದರ ಮುಂದಿನ ವಾರದ ಶುಕ್ರವಾರ ಎಂದು ನಿಗದಿಯಾಯಿತು. ಸೀಲಕ್ಕ ಹೂಂ ಎಂದಿದ್ದಳು. ಗಂಡನ ಮುಖದಲ್ಲಿ ಅಷ್ಟು ಬೆಳಕನ್ನು ಅವಳು ಮದುವೆಯ ದಿನವೂ ಕಂಡಿರಲಿಲ್ಲ.

ಹೂಂ ಎಂದ ಎರಡನೇ ದಿನ, ಗೂಟಕ್ಕೆ ನೇತು ಹಾಕಲು ಗಂಡನ ಕೋಟು ಎತ್ತಿಕೊಂಡಾಗ ಜೇಬಿನಿಂದ ಒಂದು ಚೀಟಿ ಬಿತ್ತು. ಬ್ಯಾಂಕಿನ ಟೋಕನ್ನು. ಮೂರನೇ ಕೌಂಟರು, ವಿಚಾರಣೆ, ಮೂರು ವಾರದ ಹಿಂದಿನ ಮಂಗಳವಾರ, ಬೆಳಿಗ್ಗೆ ಹತ್ತೂ ನಲವತ್ತು. ಆ ಮಂಗಳವಾರ ಬೆಳಿಗ್ಗೆ ಅವನು ಹಲ್ಲಿನ ಡಾಕ್ಟರ ಬಳಿ ಹೋಗಿದ್ದೆ ಎಂದು ಹೇಳಿದ್ದು, ತಾನು ಅವನಿಗಾಗಿ ಅನ್ನವನ್ನು ಮೆತ್ತಗೆ ಮಾಡಿದ್ದು, ಅವನು ಅದನ್ನು ಸುಮ್ಮನೆ ತಿಂದದ್ದು ಎಲ್ಲ ನೆನಪಾಯಿತು.

ದುಡ್ಡು ತೆಗೆಯುವ ಕೌಂಟರಲ್ಲ, ಕಟ್ಟುವುದೂ ಅಲ್ಲ. ವಿಚಾರಣೆ. ಏನು ವಿಚಾರಿಸುವುದಿತ್ತು? ಹೆಂಡತಿಯ ಸಹಿ ಇಲ್ಲದೆ ಎಷ್ಟು ತೆಗೆಯಬಹುದು ಎಂದೇ? ಬೇರೆ ಖಾತೆ ತೆರೆಯಲು ಏನೇನು ಬೇಕು ಎಂದೇ? ಇಪ್ಪತ್ತೊಂಬತ್ತು ವರ್ಷ ಸಂಸಾರ ಮಾಡಿದ ಗಂಡಸು ಒಂದು ಸುಳ್ಳು ಹೇಳಿದ ಎಂದರೆ ಅದು ಮೊದಲ ಸುಳ್ಳೋ, ಸಿಕ್ಕಿಬಿದ್ದ ಮೊದಲ ಸುಳ್ಳೋ? ಅವಳ ತಲೆಗೆ ಹುಳ ಹೊಕ್ಕಿತು. ಚೀಟಿಯನ್ನು ಇದ್ದ ಮಡಿಕೆಯಲ್ಲೇ ಮಡಿಸಿ ಅದೇ ಜೇಬಿಗೆ ವಾಪಸು ಇಟ್ಟಳು.

ಡಿಪೋದಲ್ಲಿ ಲಾರಿಗಳ ತೂಕ ನೋಡುವ ತೂಕದಣ್ಣನ ಹತ್ತಿರ, ನಮ್ಮ ಪರಿಚಯದ ಒಬ್ಬಳಿಗೆ ಹೀಗಾಗಿದೆಯಂತೆ ಎಂದು ಶುರು ಮಾಡಿದಳು. ತೂಕದಣ್ಣ ದಡ್ಡನಲ್ಲ. ಆ ಪರಿಚಯದವಳು ಗಂಡನನ್ನೇ ನೇರವಾಗಿ ಕೇಳಿಬಿಡಲಿ ಎಂದ. ಸೀಲಕ್ಕನಿಗೆ ಇದು ಬುದ್ಧಿಯ ಮಾತಾಗಿ ಕಾಣಲಿಲ್ಲ. ಲಾರಿಯವನನ್ನು ಬಿಲ್ಲೆ ಬಿಚ್ಚಿದ್ದೀಯಾ ಎಂದು ಯಾರು ಕೇಳುತ್ತಾರೆ? ಬಿಲ್ಲೆಯನ್ನು ನೋಡುತ್ತಾರೆ. ಪಾಸ್‌ಬುಕ್ಕು ಅವನ ಕೈಯಲ್ಲೇ ಇರುವುದರಿಂದ ಅದು ನಂಬಿಕೆಗೆ ಅರ್ಹವಲ್ಲ. ಹಾಳೆ ಹರಿದಿರಬಹುದು, ಹೊಸ ಪುಸ್ತಕ ಮಾಡಿಸಿರಬಹುದು. ಬೇಕಾದದ್ದು ಬ್ಯಾಂಕಿನವರೇ ಮುದ್ರೆ ಒತ್ತಿ ಕೊಡುವ ಖಾತೆಯ ಸ್ಟೇಟ್‌ಮೆಂಟಿನ ನಕಲು. ಅದೂ ಅವನಿಗೆ ಗೊತ್ತಾಗದ ಹಾಗೆ, ಶುಕ್ರವಾರದೊಳಗೆ.

ಸೋಮವಾರ ಅರ್ಧ ದಿನ ರಜೆ ಹಾಕಿ, ಕನ್ನಡಕದಂಗಡಿಯ ಕಣ್ಣಿಗೆ ಬೀಳದಂತೆ ಹಿಂದಿನ ಗಲ್ಲಿಯಿಂದ ಸುತ್ತಿ ಬ್ಯಾಂಕಿಗೆ ಹೋದಳು. ಮೂರನೇ ಕೌಂಟರಿನ ಹುಡುಗಿ ಫಾರಂ ಕೊಟ್ಟಳು, ಜಂಟಿ ಖಾತೆಯಾದರೂ ಇಬ್ಬರಲ್ಲಿ ಯಾರು ಬೇಕಾದರೂ ನಕಲು ಕೇಳಬಹುದು ಎಂದಳು. ಸೀಲಕ್ಕ ತುಂಬಿಸಿ ಸಹಿ ಹಾಕಿದಳು. ಹುಡುಗಿ ಸಹಿಯನ್ನು ನೋಡಿದಳು, ಪರದೆಯನ್ನು ನೋಡಿದಳು, ಮತ್ತೆ ಸಹಿಯನ್ನು ನೋಡಿದಳು. ಹೊಂದುತ್ತಿಲ್ಲ, ಇನ್ನೊಮ್ಮೆ ಹಾಕಿ ಎಂದಳು. ಎರಡನೆಯದೂ ಹೊಂದಲಿಲ್ಲ. ಮೂರನೆಯದು ಮೊದಲ ಎರಡಕ್ಕೂ ಹೊಂದಲಿಲ್ಲ.

ಡಿಪೋದ ರಿಜಿಸ್ಟರಿನಲ್ಲಿ ದಿನಕ್ಕೆ ಇನ್ನೂರು ಸಲ ಹಾಕಿ ಹಾಕಿ ಅವಳ ಸಹಿ ಸವೆದು ಒಂದು ಕೊಕ್ಕೆ ಮತ್ತು ಒಂದು ಚುಕ್ಕೆಯಾಗಿ ಉಳಿದಿತ್ತು. ಬ್ಯಾಂಕಿನಲ್ಲಿದ್ದದ್ದು ಹತ್ತೊಂಬತ್ತು ವರ್ಷದ ಹಿಂದಿನ, ಎಲ್ಲ ಅಕ್ಷರವೂ ಇದ್ದ, ಕೊನೆಯಲ್ಲಿ ದೊಡ್ಡ ಸುತ್ತು ತೆಗೆದ ಸಹಿ. ಇದು ನೀವೇ ಹಾಕಿದ್ದು ಎಂದು ಹೇಗೆ ನಂಬುವುದು ಎಂದು ಹುಡುಗಿ ಮೆಲ್ಲಗೆ ಕೇಳಿದಳು. ಹಿಂದೆ ಸಾಲಿನಲ್ಲಿದ್ದವರ ಕಿವಿ ನೆಟ್ಟಗಾಯಿತು. ಸೀಲಕ್ಕನಿಗೆ ಅವಮಾನವಾಯಿತು, ಆದರೆ ಸಿಟ್ಟು ಬರಲಿಲ್ಲ. ತಾನಾಗಿದ್ದರೂ ಬಿಡುತ್ತಿರಲಿಲ್ಲ ಎಂದು ಮನಸ್ಸಿನಲ್ಲೇ ಆ ಹುಡುಗಿಯನ್ನು ಮೆಚ್ಚಿಕೊಂಡು ಬರಿಗೈಯಲ್ಲಿ ಮರಳಿದಳು.

ಮುಂದಿನ ಎರಡು ದಿನ, ಲಾರಿಗೂ ಲಾರಿಗೂ ನಡುವೆ, ಗೇಟಿನ ಪಕ್ಕದ ಗೂಡಿನಲ್ಲಿ ಕೂತು ತನ್ನದೇ ಸಹಿಯ ಕಳ್ಳಸಹಿ ಕಲಿತಳು. ಹಳೆಯ ಸೀಲು ಚೀಟಿಗಳ ಬೆನ್ನಿನ ತುಂಬ ತನ್ನ ಹೆಸರು. ಕೊನೆಯ ಆ ಸುತ್ತು ಮಾತ್ರ ಬರಲೊಲ್ಲದು. ಆ ವಯಸ್ಸಿನಲ್ಲಿ ತಾನು ಅಷ್ಟು ದೊಡ್ಡ ಸುತ್ತನ್ನು ಯಾವ ಧೈರ್ಯದಲ್ಲಿ ತೆಗೆಯುತ್ತಿದ್ದೆ ಎಂದು ಅವಳಿಗೇ ಆಶ್ಚರ್ಯ. ಬುಧವಾರ ಮಧ್ಯಾಹ್ನದ ಹೊತ್ತಿಗೆ ಕೈ ಪಳಗಿತು. ಚೀಟಿಗಳನ್ನು ಚೂರುಚೂರು ಮಾಡಿ ಎರಡು ಬೇರೆ ಬೇರೆ ಬುಟ್ಟಿಗೆ ಹಾಕಿ ಬ್ಯಾಂಕಿಗೆ ಹೋದಳು.

ಈ ಸಲ ಸಹಿ ಹೊಂದಿತು. ಹುಡುಗಿ ಖಾತೆಯ ನಂಬರನ್ನು ಒತ್ತಿ, ಪರದೆಯ ಮೇಲೆ ಏನನ್ನೋ ಓದಿ, ತಲೆಯೆತ್ತಿ ಕೇಳಿದಳು:

"ಮತ್ತೆ ಬೇಕಾ?"

ಕೇಳಿದವಳೇ ನಾಲಿಗೆ ಕಚ್ಚಿಕೊಂಡವಳಂತೆ ಸುಮ್ಮನಾದಳು. ಮತ್ತೆ ಎಂದರೆ ಏನು ಎಂದು ಸೀಲಕ್ಕ ಕೇಳಿದರೆ, ಏನಿಲ್ಲ, ಹತ್ತು ವರ್ಷಕ್ಕಿಂತ ಹಿಂದಿನದು ನಮ್ಮಲ್ಲಿ ಇರುವುದಿಲ್ಲ, ಒಂದು ವರ್ಷದ ನಕಲಿಗೆ ಹನ್ನೆರಡು ರೂಪಾಯಿಯಂತೆ ಶುಲ್ಕ, ಖಾತೆಯಿಂದಲೇ ಕಡಿತವಾಗುತ್ತದೆ, ಮುಂದಿನ ಬುಧವಾರ ಬನ್ನಿ ಎಂದು ಗಿಣಿಪಾಠ ಒಪ್ಪಿಸಿದಳು. ಮನೆಗೆ ಫೋನು ಮಾಡಬೇಡಿ ಎಂದು ಸೀಲಕ್ಕ ಎರಡು ಸಲ ಹೇಳಿದಳು. ಹುಡುಗಿ ತಲೆ ತಗ್ಗಿಸಿ ಬರೆದುಕೊಳ್ಳುವಾಗ ಅವಳ ಕನ್ನಡಕದ ಕಡ್ಡಿಯ ಮೇಲೆ, ಕಿವಿಯ ಹತ್ತಿರ, ಒಂದು ಸಣ್ಣ ಹಳದಿ ಚುಕ್ಕೆ ಕಂಡಿತು. ಅದು ಭಾವ ತಾನು ಮಾಡಿದ ಕನ್ನಡಕಗಳ ಮೇಲೆ ಇಡುವ ಗುರುತು. ಅರ್ಧ ಊರಿನ ಕಿವಿಯ ಹಿಂದೆ ಆ ಚುಕ್ಕೆ ಇದೆ ಎಂಬುದನ್ನು ಸೀಲಕ್ಕ ಆ ಗಳಿಗೆಯಲ್ಲಿ ಮರೆತಳು. ಓಹೋ, ಇಬ್ಬರೂ ಒಂದೇ ಎಂದುಕೊಂಡಳು.

ಆ ಒಂದು ವಾರ ಮನೆಯಲ್ಲಿ ಅವಳು ಗಂಡನನ್ನು ಕಣ್ಣಲ್ಲಿ ಕಣ್ಣಿಟ್ಟು ಕಾದಳು. ಅವನು ಅಂಗಡಿಗೆ ಹೊಸ ಬೋರ್ಡು ಬರೆಸಬೇಕು ಎಂದರೆ, ದುಡ್ಡು ಕೈಗೆ ಬರುವ ಮುಂಚೆಯೇ ಇಷ್ಟು ಆತುರ ಯಾಕೆ ಎನಿಸಿತು. ಬೋರ್ಡಿನ ಮಾತೆತ್ತದೆ ಸುಮ್ಮನೆ ಕೂತರೆ, ಯಾಕೆ ಬಾಯಿ ಬಿಡುತ್ತಿಲ್ಲ ಎನಿಸಿತು. ಒಂದು ಸಂಜೆ ಅವಳ ಮಂಡಿಗೆ ಎಣ್ಣೆ ತಿಕ್ಕುತ್ತ, ಅಂಗಡಿ ನಮ್ಮದಾದ ಮೇಲೆ ನೀನು ಡಿಪೋ ಬಿಟ್ಟು ಗಲ್ಲಾದಲ್ಲಿ ಕೂತುಬಿಡು ಎಂದ. ಬೇರೆ ಯಾವ ಹೆಂಡತಿಯಾದರೂ ಕರಗಿ ನೀರಾಗುತ್ತಿದ್ದಳು. ಇವಳು, ನನ್ನ ಸಂಬಳ ನಿಂತರೆ ಯಾರಿಗೆ ಲಾಭ ಎಂದು ಮನಸ್ಸಿನಲ್ಲೇ ಕೂಡಿ ಕಳೆದು ನೋಡಿದಳು. ಹಲ್ಲು ಈಗ ಹೇಗಿದೆ ಎಂದು ಸುಮ್ಮನೆ ಕೇಳಿದಳು. ಭಾವ ನಾಲಿಗೆಯಿಂದ ಒಂದು ಪಕ್ಕದ ಹಲ್ಲುಗಳನ್ನೆಲ್ಲ ತಡವಿ ನೋಡಿ, ಪರವಾಗಿಲ್ಲ ಎಂದ. ಯಾವ ಹಲ್ಲು ಎಂಬುದು ಅವನಿಗೇ ಮರೆತಿದೆ ಎಂದು ಅವಳಿಗೆ ಖಾತ್ರಿಯಾಯಿತು.

ಬುಧವಾರ ಹುಡುಗಿ ದಪ್ಪನೆಯ ಲಕೋಟೆ ಕೊಟ್ಟಳು. ಬಾಯಿಗೆ ಅಂಟು, ಅಂಟಿನ ಮೇಲೆ ಬ್ಯಾಂಕಿನ ನೀಲಿ ಮುದ್ರೆ. ಸೀಲಕ್ಕ ಅಲ್ಲೇ ನಿಂತು ಅಂಚಿನ ಸುತ್ತ ಉಗುರಾಡಿಸಿದಳು. ಡಿಪೋಗೆ ಬಂದು, ಊಟದ ಡಬ್ಬಿಯನ್ನು ತೆರೆಯದೆ ಪಕ್ಕಕ್ಕಿಟ್ಟು, ಗೂಡಿನ ಬಾಗಿಲು ಹಾಕಿಕೊಂಡು, ಕೆಂಪು ಪೆನ್ನು ತೆಗೆದಳು.

ಹತ್ತು ವರ್ಷ, ನಲವತ್ತೊಂದು ಹಾಳೆ. ಅರ್ಥವಾಗದ್ದಕ್ಕೆಲ್ಲ ಕೆಂಪು ಸುತ್ತು. ನಾಲ್ಕನೇ ಹಾಳೆಯಲ್ಲಿ ಒಂದು ದೊಡ್ಡ ಮೊತ್ತ ಹೋಗಿತ್ತು. ಸುತ್ತು ಹಾಕಿ, ಸಿಕ್ಕಿಬಿದ್ದಿರಿ ಎಂದಳು. ತಾರೀಖನ್ನು ಇನ್ನೊಮ್ಮೆ ನೋಡಿದಾಗ ಅದು ಅವಳದೇ ಮಂಡಿಯ ಆಪರೇಷನ್ನು. ಹನ್ನೊಂದನೆಯದರಲ್ಲಿ ಇನ್ನೊಂದು: ಮಗಳ ಹಾಸ್ಟೆಲ್ಲು. ಹದಿನೇಳರಲ್ಲಿ ಇದ್ದದ್ದು ಅವಳ ತಮ್ಮನಿಗೆ ಅವಳೇ ಹಟ ಹಿಡಿದು ಕೊಡಿಸಿದ ದುಡ್ಡು. ತಮ್ಮ ಅದನ್ನು ಹಿಂದಿರುಗಿಸಿರಲಿಲ್ಲ, ಭಾವ ಆ ಮಾತನ್ನು ಒಮ್ಮೆಯೂ ಎತ್ತಿರಲಿಲ್ಲ. ಹೀಗೇ ಹಾಳೆ ಹಾಳೆಯಾಗಿ ಕೆಂಪು ಸುತ್ತುಗಳೆಲ್ಲ ಬಂದು ಅವಳ ಕೊರಳಿಗೇ ಬಿದ್ದವು. ಗಂಡ ತನಗಾಗಿ ತೆಗೆದದ್ದು ಎಂದರೆ ಒಂದು ಜೊತೆ ಚಪ್ಪಲಿ ಮತ್ತು ಚಳಿಗಾಲಕ್ಕೊಂದು ಕೋಟು. ಆ ಕೋಟಿನ ಜೇಬಿನಿಂದಲೇ ಹದಿಮೂರು ದಿನದ ಹಿಂದೆ ಆ ಚೀಟಿ ಬಿದ್ದದ್ದು.

ಉಳಿದದ್ದು ಒಂದೇ. ಪ್ರತಿ ವರ್ಷ ಒಂದು ಸಲ, ಅದೇ ತಿಂಗಳ ಅದೇ ವಾರದಲ್ಲಿ, ಹನ್ನೆರಡು ರೂಪಾಯಿ ಕಡಿತ. ಹೆಸರಿಲ್ಲ, ವಿವರವಿಲ್ಲ, ಪಕ್ಕದಲ್ಲಿ ನಲವತ್ತೇಳು ಎಂಬ ಅಂಕಿ ಮಾತ್ರ. ಹತ್ತು ವರ್ಷಕ್ಕೆ ಹತ್ತು ಸಲ, ಒಂದೂ ತಪ್ಪಿಲ್ಲ. ಈ ವರ್ಷದ್ದು ಆ ಮಂಗಳವಾರ, ಹಲ್ಲಿನ ಡಾಕ್ಟರ ಮಂಗಳವಾರ. ಸಣ್ಣ ಮೊತ್ತ, ಯಾರ ಕಣ್ಣಿಗೂ ಬೀಳದು. ಕಳ್ಳರು ಹಾಗೇ ಶುರು ಮಾಡುವುದು. ಕೆಂಪು ಪೆನ್ನು ಹಿಡಿದು ಕೊನೆಯ ಹಾಳೆಗೆ ಬಂದಳು. ಕೊನೆಯ ಸಾಲು ಹೋದ ಬುಧವಾರದ್ದು, ಅವಳು ನಕಲು ಕೇಳಿದ ದಿನದ್ದು. ನೂರಿಪ್ಪತ್ತು ರೂಪಾಯಿ ಕಡಿತ. ಪಕ್ಕದಲ್ಲಿ ನಲವತ್ತೇಳು.

ವರ್ಷಕ್ಕೆ ಹನ್ನೆರಡು, ಹತ್ತು ವರ್ಷಕ್ಕೆ ನೂರಿಪ್ಪತ್ತು. ಸೀಲಕ್ಕನ ಕೈಯಿಂದ ಪೆನ್ನು ಜಾರಿತು. ನಲವತ್ತೇಳು ಎಂದರೆ ನಕಲಿನ ಶುಲ್ಕ. ಅಂದರೆ ಇದೇ ಖಾತೆಯ ಇದೇ ನಕಲನ್ನು ಆ ಮನುಷ್ಯ ವರ್ಷಕ್ಕೊಮ್ಮೆ, ಕದ್ದುಮುಚ್ಚಿ, ಹಲ್ಲು ನೋವಿನ ನೆಪ ಹೇಳಿ ತರಿಸಿಕೊಂಡು ನೋಡುತ್ತಿದ್ದ. ಎಲ್ಲರನ್ನೂ ನಂಬುವ ಭಾವ. ಅವಳೊಬ್ಬಳನ್ನು ಬಿಟ್ಟು ಎಲ್ಲರನ್ನೂ. ಅವಳು ಎಷ್ಟು ತೆಗೆದಳು, ಯಾರಿಗೆ ಕೊಟ್ಟಳು ಎಂದು ಲೆಕ್ಕ ಹಿಡಿಯುತ್ತಿದ್ದ. ತಾನು ಹದಿಮೂರು ದಿನದಿಂದ ಮಾಡುತ್ತಿರುವುದೂ ಅದನ್ನೇ ಎಂಬುದು ಅವಳಿಗೆ ಹೊಳೆಯಲಿಲ್ಲ. ಹೊಳೆದಿದ್ದರೆ ಸಿಟ್ಟು ಅಷ್ಟು ಚೆನ್ನಾಗಿ ಏರುತ್ತಿರಲಿಲ್ಲ. ಗೇಟನ್ನು ತೂಕದಣ್ಣನಿಗೆ ವಹಿಸಿ, ಖಾಕಿ ಕೋಟಿನಲ್ಲೇ, ಈ ಸಲ ಮುಖ್ಯ ರಸ್ತೆಯಿಂದಲೇ ನೇರವಾಗಿ ಕನ್ನಡಕದಂಗಡಿಗೆ ನಡೆದಳು.

ಮಧ್ಯಾಹ್ನದ ಹೊತ್ತು, ಗಿರಾಕಿಗಳಿರಲಿಲ್ಲ. ಹಿಂದಿನ ಕೋಣೆಯಲ್ಲಿ ಭಾವ ಕಣ್ಣಿಗೆ ಭೂತಗಾಜು ಸಿಕ್ಕಿಸಿಕೊಂಡು ತಿರುಗುವ ಚಕ್ರಕ್ಕೆ ಗಾಜೊಂದನ್ನು ಒತ್ತಿ ಹಿಡಿದಿದ್ದ. ಅವಳು ನಲವತ್ತೊಂದು ಹಾಳೆಗಳನ್ನೂ ಅವನ ಮೇಜಿನ ಮೇಲೆ ಹರವಿ ಕೇಳಿದಳು:

"ನಲವತ್ತೇಳು ಅಂದ್ರೆ ಏನ್ರೀ?"

ಭಾವ ಚಕ್ರ ನಿಲ್ಲಿಸಿದ. ಕೆಂಪು ಸುತ್ತುಗಳನ್ನು ನೋಡಿದ. ಅವನ ಮುಖದಲ್ಲಿ ಸಿಕ್ಕಿಬಿದ್ದವನ ಗಾಬರಿ ಇರಲಿಲ್ಲ. ಬಸ್ಸಿಗೆ ಕಾದು ಕಾದು ಸಾಕಾದವನಿಗೆ ಬಸ್ಸು ಕಂಡ ಹಾಗಿತ್ತು.

"ಅಂತೂ ಕೇಳಿದೆ," ಎಂದ.

ಹತ್ತು ವರ್ಷದಿಂದ ನನ್ನ ಬೆನ್ನ ಹಿಂದೆ ಕಣ್ಣಿಟ್ಟು ಕೂತಿದ್ದೀರಾ ಎಂದು ಅವಳು ಶುರು ಮಾಡಿದಳು. ಹತ್ತಲ್ಲ, ಹತ್ತೊಂಬತ್ತು ಎಂದು ಅವನು ತಿದ್ದಿದ. ಎದ್ದು, ಗಾಜು ಜೋಡಿಸಿಡುವ ಕಪಾಟಿನ ಮೇಲಿನ ಅರೆಯಿಂದ ಚಪ್ಪಟೆಯ ರಟ್ಟಿನ ಪೆಟ್ಟಿಗೆಯೊಂದನ್ನು ಇಳಿಸಿ, ಧೂಳು ಒರೆಸಿ, ಅವಳ ಮುಂದಿಟ್ಟ. ಒಳಗೆ ಲಕೋಟೆಗಳು. ಒಂದೊಂದರ ಮೂಲೆಯಲ್ಲೂ ಅವನ ಸಣ್ಣ ಅಕ್ಷರದಲ್ಲಿ ಇಸವಿ. ತಳದಲ್ಲಿದ್ದವು ಹಳದಿ ತಿರುಗಿದ್ದವು. ಎಲ್ಲದರ ಬಾಯಿಗೂ ಅಂಟು, ಅಂಟಿನ ಮೇಲೆ ನೀಲಿ ಮುದ್ರೆ.

ಸೀಲಕ್ಕ ಒಂದನ್ನು ಕೈಗೆತ್ತಿಕೊಂಡಳು. ಇಲ್ಲಿ ಅವಳ ಬಗ್ಗೆ ಒಳ್ಳೆಯ ಮಾತು ಹೇಳಲು ಆಗುವುದಿಲ್ಲ, ಯಾಕೆಂದರೆ ಅವಳ ಹೆಬ್ಬೆರಳು ತಾನಾಗಿಯೇ ಅಂಚಿನ ಸುತ್ತ ಹೋಯಿತು. ಮೂಲೆಯಿಂದ ಮೂಲೆಗೆ. ಲಕೋಟೆಯನ್ನು ಬೆಳಕಿಗೆ ಹಿಡಿದು, ಮುದ್ರೆಯ ಗೆರೆ ಎರಡೂ ಕಡೆ ಕೂಡುತ್ತದೆಯೇ ಎಂದು ನೋಡಿದಳು. ಭಾವ ಮೇಜಿನ ದೀಪವನ್ನು ಅವಳ ಹತ್ತಿರಕ್ಕೆ ತಿರುಗಿಸಿದ. ಆಮೇಲೆ ತನ್ನ ಕಣ್ಣಿನ ಭೂತಗಾಜನ್ನು ತೆಗೆದು ಅವಳ ಕೈಗೆ ಕೊಟ್ಟ. ಬರಿಗಣ್ಣಿಗೆ ಕಾಣೋಲ್ಲ, ತಗೋ ಎಂದ. ಅವಳು ತೆಗೆದುಕೊಂಡಳು. ಹತ್ತೊಂಬತ್ತನ್ನೂ ನೋಡಿದಳು. ಒಂದನ್ನೂ ಯಾರೂ ಒಡೆದಿರಲಿಲ್ಲ. ಆವಿ ಹಿಡಿದು ಬಿಡಿಸಿರಲಿಲ್ಲ, ಮತ್ತೆ ಅಂಟಿಸಿರಲಿಲ್ಲ. ಇಪ್ಪತ್ತಾರು ವರ್ಷ ಪಳಗಿದ ಉಗುರು ಅದು, ಸುಳ್ಳು ಹೇಳುವುದಿಲ್ಲ.

ಒಡೆಯದೇ ಇರುವವರು ತರಿಸಿದ್ದು ಯಾಕೆ ಎಂದು ಅವಳು ಕೇಳಿದಾಗ ದನಿ ಅರ್ಧಕ್ಕೆ ಇಳಿದಿತ್ತು.

"ನನಗಲ್ಲ, ನಿನಗೆ," ಎಂದ ಭಾವ. "ಇವತ್ತಲ್ಲ ನಾಳೆ ಕೇಳೇ ಕೇಳ್ತೀಯ ಅಂತ ಗೊತ್ತಿತ್ತು. ಪಾಸ್‌ಬುಕ್ ತೋರಿಸಿದ್ರೆ ಹಾಳೆ ಹರಿದಿದೀರಿ ಅಂತೀಯ. ಒಡೆದ ಲಕೋಟೆ ಕೊಟ್ರೆ ಒಳಗಿಂದು ಬದಲಾಯಿಸಿದೀರಿ ಅಂತೀಯ. ಸೀಲು ಇದ್ರೆ ಮಾತ್ರ ನೀನು ನಂಬೋದು. ಅವತ್ತು ಚೀಲ ಸುರಿದೆ ನೋಡು, ನನ್ನ ತಂಗಿ ಮುಂದೆ. ಇನ್ನೊಂದು ಸಲ ಹಾಗೆ ಬರಿಗೈಲಿ ಕೂತ್ಕೊಳ್ಳೋಕೆ ನನ್ನಿಂದ ಆಗ್ತಿರ್ಲಿಲ್ಲ."

ಅವನು ಅದನ್ನು ಸಿಟ್ಟಿನಿಂದ ಹೇಳಲಿಲ್ಲ. ಹಾಗೆ ಹೇಳಿದ್ದರೆ ಅವಳಿಗೆ ಎಷ್ಟೋ ಸುಲಭವಾಗುತ್ತಿತ್ತು. ಹತ್ತೊಂಬತ್ತು ವರ್ಷ ಈ ಮನುಷ್ಯ ತನ್ನ ಪಕ್ಕದಲ್ಲಿ ಮಲಗಿ, ತನ್ನ ಮಂಡಿಗೆ ಎಣ್ಣೆ ತಿಕ್ಕಿ, ತಾನು ಮಾಡಿದ ಅಡುಗೆ ಉಂಡು, ವರ್ಷಕ್ಕೊಮ್ಮೆ ರಸ್ತೆ ದಾಟಿ ಹೋಗಿ ತಾನು ಕಳ್ಳನಲ್ಲ ಎಂಬುದಕ್ಕೆ ಸಾಕ್ಷಿ ತಂದಿಟ್ಟುಕೊಂಡಿದ್ದ. ತಾನು ಉಗುರು ತಾಗಿಸದ ಜಾಗ ಇದೊಂದೇ ಎಂದು ಅವಳು ಹೆಮ್ಮೆಪಟ್ಟದ್ದು ಈ ಜಾಗದ ಬಗ್ಗೆಯೇ. ಸೀಲಕ್ಕನಿಗೆ ಭೂಮಿ ಬಾಯಿ ಬಿಡಬಾರದೇ ಎನಿಸುವಷ್ಟು ನಾಚಿಕೆಯಾಯಿತು. ಗಿರಾಕಿಗಳ ಕಣ್ಣು ಪರೀಕ್ಷೆಯ ಕುರ್ಚಿಯ ಮೇಲೆ ಕುಸಿದು ಕೂತಳು. ಎದುರು ಗೋಡೆಯ ಮೇಲಿನ ದೊಡ್ಡ ಅಕ್ಷರವೂ ಅವಳಿಗೆ ಕಾಣಲಿಲ್ಲ.

ಈಗ ಹೇಳದಿದ್ದರೆ ಇನ್ನು ಸಾಯುವವರೆಗೂ ಹೇಳಲಾರೆ ಎಂದು ಅವಳಿಗೆ ಗೊತ್ತಾಯಿತು.

"ಆ ದುಡ್ಡು ಡಬ್ಬಿ ಹಿಂದೆ ಇರ್ಲಿಲ್ಲ ರೀ," ಎಂದಳು. "ನನ್ನ ಕೋಟಿನ ಒಳಜೇಬಲ್ಲೇ ಇತ್ತು. ನಾನೇ ಇಟ್ಟು ಮರೆತಿದ್ದೆ."

ಭಾವ ಚಕ್ರದ ಮೇಲಿದ್ದ ಗಾಜನ್ನು ತೆಗೆದು ಬಟ್ಟೆಯಿಂದ ಒರೆಸತೊಡಗಿದ. ಒರೆಸಿ, ಬೆಳಕಿಗೆ ಹಿಡಿದು ನೋಡಿ, ಪಕ್ಕಕ್ಕಿಟ್ಟ.

"ಗೊತ್ತು," ಎಂದ. "ಆ ಭಾನುವಾರ ಕೋಟು ಒಗೆದೋನು ಯಾರು? ಜೇಬಿಂದ ತೆಗೆದು, ಒಗೆದು, ಇಸ್ತ್ರಿ ಹಾಕಿ, ಎಲ್ಲಿತ್ತೋ ಅಲ್ಲೇ ಮತ್ತೆ ಇಟ್ಟೆ. ಸೋಮವಾರ ಸಂಜೆ ಬಂದು ಹೇಳ್ತೀಯ ಅಂದ್ಕೊಂಡಿದ್ದೆ."

ಗರಿಗರಿ ನೋಟು. ನೀರಿನಲ್ಲಿ ಅದ್ದಿ ತಿಕ್ಕಿ ಹಿಂಡಿದ ಕೋಟಿನ ಜೇಬಿನಲ್ಲಿ ಒಂದು ಹನಿಯೂ ತಾಗದ ನೋಟು. ಸವೆದ ಅಂಕಿಗೆ ಲಾರಿ ನಿಲ್ಲಿಸಿದವಳು, ಅಂದು ಆ ನೋಟುಗಳನ್ನು ಕೈಯಲ್ಲಿ ಹಿಡಿದುಕೊಂಡೇ ಇದು ಹೇಗೆ ಒಣಗಿದೆ ಎಂದು ಕೇಳಿಕೊಂಡಿರಲಿಲ್ಲ. ಬಿಚ್ಚಿ ಮತ್ತೆ ಒತ್ತಿದ ಒಂದೇ ಒಂದು ಸೀಲು ಅವಳ ಕಣ್ಣು ತಪ್ಪಿಸಿ ಹೋಗಿತ್ತು, ಅದನ್ನು ಒತ್ತಿದವನು ಹತ್ತೊಂಬತ್ತು ವರ್ಷ ಸಂಜೆಯಾಗುವುದನ್ನು ಕಾಯುತ್ತಿದ್ದ.

ಲಕೋಟೆಗಳನ್ನು ಒಡೆದು ನೋಡು, ಆಮೇಲೆ ಶುಕ್ರವಾರ ಸಹಿ ಹಾಕುವೆಯಂತೆ ಎಂದು ಅವನು ಹೇಳಿದ. ಅವಳು ಪೆಟ್ಟಿಗೆಯ ಮುಚ್ಚಳ ಹಾಕಿದಳು. ನಾಳೆಯೇ ನಾದಿನಿಯ ಮನೆಗೆ ಹೋಗಿ ಬರೋಣ, ಅವಳ ಮುಂದೆಯೂ ಹೇಳಬೇಕು ಎಂದಳು. ಭಾವ ಬೇಡ ಎನ್ನಲಿಲ್ಲ. ಬೇಡ ಎನ್ನುತ್ತಾನೆ ಎಂದು ಅವಳು ಅಂದುಕೊಂಡಿದ್ದಳು.

ಶುಕ್ರವಾರ ಇಬ್ಬರೂ ಜೊತೆಯಾಗಿ, ಮುಂಬಾಗಿಲಿನಿಂದಲೇ, ಬ್ಯಾಂಕಿಗೆ ಹೋದರು. ಹುಡುಗಿ ಮೊದಲು ಒಬ್ಬರ ಮುಖ, ಆಮೇಲೆ ಇನ್ನೊಬ್ಬರ ಮುಖ ನೋಡಿ ಫಾರಂ ಮುಂದೆ ಸರಿಸಿದಳು. ಸೀಲಕ್ಕ ಎಲ್ಲ ಅಕ್ಷರವನ್ನೂ ಬಿಡಿಸಿ ಬರೆದು ಕೊನೆಯ ಸುತ್ತನ್ನು ದೊಡ್ಡದಾಗಿ ತೆಗೆದಳು. ಹೋಲಿಸಿ ನೋಡಿ ಎಂದು ತಾನೇ ಹೇಳಿದಳು. ಹೊರಗೆ ಮೆಟ್ಟಿಲಿಳಿಯುವಾಗ, ಮುಂದಿನ ವರ್ಷದಿಂದ ನಕಲು ತರಿಸಬೇಡಿ ಎಂದಳು. ಭಾವ, ಆಗಲಿ ಎಂದ.

ಈಗ ಅವಳು ಅಂಗಡಿಯ ಗಲ್ಲಾದಲ್ಲಿ ಕೂರುತ್ತಾಳೆ. ಎದುರಿಗೇ ಬ್ಯಾಂಕು. ಅದೇ ತಿಂಗಳ ಅದೇ ವಾರ ಆಮೇಲೆ ಮೂರು ಸಲ ಬಂದು ಹೋಗಿದೆ. ಅವನು ಸತ್ಯವಾಗಿಯೂ ನಿಲ್ಲಿಸಿದನೋ, ಇಲ್ಲ ಇನ್ನೂ ರಸ್ತೆ ದಾಟುತ್ತಿದ್ದಾನೋ ತಿಳಿಯಬೇಕಾದರೆ ಅವಳು ಒಂದು ನಕಲು ತರಿಸಿ ನಲವತ್ತೇಳನ್ನು ಹುಡುಕಬೇಕು. ಆ ವಾರ ಬಂದಾಗಲೆಲ್ಲ ಹೆಬ್ಬೆರಳು ತುರಿಸುತ್ತದೆ ಎಂದು ಅವಳೇ ಹೇಳುತ್ತಾಳೆ. ಇವತ್ತಿನವರೆಗೂ ತರಿಸಿಲ್ಲ.